ಅವ್ವನ ಟ್ಯಾಬ್ ಕೇಳಿಸಿಕೊಂಡದ್ದು

ಅವ್ವನ ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲಿನ ಬೆಲ್ಲು, ಕೊನೆಗೆ ಮಲ್ಕಾಜ್‌ಗಿರಿಯ ನಮ್ಮ ಮನೆಯ ಹಿಂದೆಯೇ ಹಾದುಹೋಗುವ ರೈಲು. ರೈಲು ಓಡುವುದನ್ನು ಬಿಟ್ಟಿದೆಯೇನು ಎಂದು ಅವಳು ಒಂದು ಬೆಳಿಗ್ಗೆ ಕೇಳಿದಾಗ ನಾನು ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿವಿಗೆ ಯಂತ್ರ ಹಾಕಿಸಿದೆವು. ಅದರಿಂದ ಅವಳಿಗೆ ಮಾತಿಗಿಂತ ಫ್ಯಾನಿನ ಸದ್ದೇ ಹೆಚ್ಚು ಕೇಳಿಸಿತು. ಎರಡು ತಿಂಗಳು ಸಹಿಸಿಕೊಂಡು, ಯಂತ್ರವನ್ನು ಅದರ ಡಬ್ಬಿಯಲ್ಲಿಟ್ಟು ಕಪಾಟಿನ ಒಳಗೆ ಸೇರಿಸಿಬಿಟ್ಟಳು.

ಟ್ಯಾಬ್ ಬಂದದ್ದು ಆಮೇಲೆ. ಅಂಗೈಗಿಂತ ತುಸು ದೊಡ್ಡದು, ಅಗ್ಗದ್ದು. ಹೆಂಡತಿ ಟ್ಯೂಷನ್ ಹೇಳಲಿಕ್ಕೆಂದು ತೆಗೆದುಕೊಂಡು, ಅದರ ನಿಧಾನಕ್ಕೆ ಬೇಸತ್ತು ಪಕ್ಕಕ್ಕಿಟ್ಟಿದ್ದಳು. ಎದುರಿಗಿದ್ದವರ ಮಾತನ್ನು ಕೇಳಿ ಅಕ್ಷರ ಮಾಡಿ ತೋರಿಸುವ ಆ್ಯಪ್ ಒಂದಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಅದನ್ನು ಹಾಕಿ, ಕನ್ನಡ ಆರಿಸಿ, ಅಕ್ಷರವನ್ನು ದೊಡ್ಡದು ಮಾಡಿ ಅವ್ವನ ಮುಂದೆ ಇಟ್ಟೆ. ಅವ್ವ ಏಳನೆಯ ಇಯತ್ತೆಯವರೆಗೆ ರಾಯಚೂರಿನಲ್ಲಿ ಓದಿದವಳು. ಬಾಯಿಂದ ಮಾತು ಬಿದ್ದ ಮರುಕ್ಷಣ ಗಾಜಿನ ಮೇಲೆ ಅಕ್ಷರ ಮೂಡುವುದನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಳು.

ತೊಂದರೆ ಇದ್ದದ್ದು ನಮ್ಮ ಮಾತಿನಲ್ಲಿ. ಆ ಆ್ಯಪ್ ಪುಸ್ತಕದ ಕನ್ನಡ ಕಲಿತದ್ದು. ನಾನು "ಯವ್ವಾ, ಉಂಡಿಯೇನ?" ಎಂದು ಕೇಳಿದರೆ ಅದು "ಯಾವಾಗ ಉಂಡೆ ಏನು" ಎಂದು ಬರೆಯಿತು. ಅವ್ವ ಓದಿ, ಉಂಡಿ ಯಾರು ಮಾಡಿದ್ದಾರೆ, ಎಲ್ಲಿಟ್ಟಿದ್ದಾರೆ ಎಂದು ಅಡುಗೆ ಮನೆಯ ಕಡೆ ನೋಡಿದಳು. ಹಾಗಾಗಿ ನಾವೇ ಬದಲಾದೆವು. ನಾನೂ ಹೆಂಡತಿಯೂ ಒಂದೊಂದೇ ಪದ ಬಿಡಿಸಿ "ಅವ್ವಾ, ನಾನು ಆಫೀಸಿಗೆ ಹೋಗಿ ಬರುತ್ತೇನೆ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆವು. ಹೊರಗೆ ತೆಲುಗು, ಹಿಂದಿ. ಒಳಗೆ ಪಾಠದ ಕನ್ನಡ.

"ಏನಪಾ, ರೇಡಿಯೋದಾಗ ವಾರ್ತಾ ಓದಿದಂಗ ಮಾತಾಡಾಕತ್ತಿ" ಎಂದು ಅವ್ವ ನಗುತ್ತಿದ್ದಳು. ನಕ್ಕರೂ ಅವಳಿಗೆ ಅದು ಹಿಡಿಸಿತ್ತು. ಆಡಿದ ಮಾತು ಅದರಲ್ಲಿ ಉಳಿಯುವಂತೆ ನಾನು ಮಾಡಿಕೊಟ್ಟಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಕಿಟಕಿಯ ಪಕ್ಕ ಕೂತು, ಬೆಳಗಿನಿಂದ ಯಾರು ಏನೇನು ಅಂದರು ಎಂದು ಪತ್ರಿಕೆ ಓದುವ ಹಾಗೆ ಓದುತ್ತಿದ್ದಳು. ತೆಲುಗಿನಲ್ಲಿ ಮಾತಾಡುವ ತರಕಾರಿಯವಳ ಮಾತು ಕನ್ನಡವಾಗಿ ಮೂಡಿ ಅರ್ಥವೇ ಇಲ್ಲದ ಪದ್ಯದ ಹಾಗೆ ಕಾಣುತ್ತಿತ್ತು, ಅದನ್ನೂ ಓದುತ್ತಿದ್ದಳು.

ಟ್ಯಾಬನ್ನು ಸಾಕುವ ಕೆಲಸ ನನ್ನದು. ಅದರ ಹೊಟ್ಟೆ ಸಣ್ಣದು. ಬಳಗದವರ ಗುಂಪಿನಿಂದ ದಿನವೂ ಬರುವ ಹೂವಿನ ಚಿತ್ರ, ದೇವರ ಚಿತ್ರಗಳಿಂದಲೇ ತುಂಬಿಹೋಗುತ್ತಿತ್ತು. ತುಂಬಿದಾಗಲೆಲ್ಲ ಅಳಿಸುತ್ತಿದ್ದೆ. ಹೊಸ ಅಪ್‌ಡೇಟ್ ಬಂದಿದೆ, ಹಾಕಲೇ ಎಂದು ಅದು ವಾರಕ್ಕೊಮ್ಮೆ ಕೇಳುತ್ತಿತ್ತು. ನಾನು ಆಮೇಲೆ, ಆಮೇಲೆ ಎಂದು ತಳ್ಳುತ್ತಿದ್ದೆ. ಒಂದು ಗುರುವಾರ ರಜೆಯಿತ್ತು. ತಿಂಡಿಯಾದ ಮೇಲೆ, ಇವತ್ತು ಆಗಿಹೋಗಲಿ ಎಂದು ಒತ್ತಿದೆ.

ಅರ್ಧ ದಾರಿಗೆ ಹೋಗಿ ಟ್ಯಾಬ್ ಆರಿತು. ತಾನೇ ಹೊತ್ತಿಕೊಂಡಿತು. ಕಂಪನಿಯ ಗುರುತು ಬಂದು ಅಲ್ಲಿಗೇ ನಿಂತಿತು. ಒಂದು ತಾಸು ಕಾದರೂ ಅದೇ ಗುರುತು. ಫೋನಿನಲ್ಲಿ ಹುಡುಕಿ ಓದಿ, ಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದೆ. ನಾಲ್ಕನೆಯ ಸಲಕ್ಕೆ ಟ್ಯಾಬ್ ಎದ್ದು ಕೂತಿತು. ಚಿತ್ರಗಳೆಲ್ಲ ಇದ್ದವು, ಆ್ಯಪ್ ಕೂಡ ಇತ್ತು. ನಾನು ಅವ್ವನ ಎದುರು ಕೂತು, ಅಪ್‌ಡೇಟ್ ಮುಗಿಯಿತು ಎಂದು ನಿಧಾನವಾಗಿ ಹೇಳಿದೆ. ಒಂದಕ್ಷರವೂ ಮೂಡಲಿಲ್ಲ. ಮತ್ತೆ ಹೇಳಿದೆ. ಕೂಗಿ ಹೇಳಿದೆ. ಅವ್ವ ಖಾಲಿ ಗಾಜನ್ನೂ ನನ್ನ ಮುಖವನ್ನೂ ನೋಡಿ, "ಇರಲಿ ಬಿಡು, ನಿಧಾನಕ್ಕ ಮಾಡು" ಎಂದಳು.

ಸಿಕ್ಕ ಸಲಹೆಯನ್ನೆಲ್ಲ ಮಾಡಿ ನೋಡಿದೆ. ಆ್ಯಪ್ ತೆಗೆದು ಮತ್ತೆ ಹಾಕಲು ಧೈರ್ಯ ಬರಲಿಲ್ಲ. ಅವ್ವನ ಉಳಿಸಿದ ಮಾತುಗಳು ಹೋದರೆ ಏನು ಗತಿ? ಮೈಕಿನ ಅನುಮತಿ ನೋಡಿದೆ, ಸರಿಯಿತ್ತು. ಮೈಕಿನ ತೂತನ್ನು ಹತ್ತಿಯಿಂದ ಒರೆಸಿದೆ. ಹಳದಿ ಬಂತು, ಅರಿಶಿನ. ಒರೆಸಿದ ಮೇಲೂ ಅಕ್ಷರ ಬರಲಿಲ್ಲ. ಅಂದಿನಿಂದ ಅವ್ವನ ಜೊತೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಬರೆದು ಮಾತಾಡಿದೆವು. ಬರೆಯುವಾಗ ಮನುಷ್ಯ ಜಿಪುಣನಾಗುತ್ತಾನೆ. "ಚಹಾ?" "ಔಷಧಿ." "ಸಂಜೆ ಬರ್ತೀನಿ." ಅಷ್ಟೇ.

ನನ್ನ ಆತಂಕಕ್ಕೆ ಇನ್ನೊಂದು ಕಾರಣವಿತ್ತು. ಆ ಭಾನುವಾರ ಸೊಲ್ಲಾಪುರದಿಂದ ನನ್ನ ತಂಗಿ ಬರುವವಳಿದ್ದಳು. ರಜೆಗೆ ಬರುತ್ತಾಳೆ ಎಂದು ಅವ್ವನಿಗೆ ಹೇಳಿದ್ದೆವು. ನಿಜವೇನೆಂದರೆ ಅವಳು ಗಂಡನ ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಕೆಲಸ ಮಾಡುವ ಹೆಂಗಸರ ಹಾಸ್ಟೆಲಿನಲ್ಲಿದ್ದು ಶಾಲೆಯ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ವರ್ಷಗಟ್ಟಲೆ ಅವಳ ಜೊತೆ ಮಾತು ಬಿಟ್ಟಿದ್ದ, ಅಷ್ಟೇ. ಇಪ್ಪತ್ತೆರಡು ವರ್ಷದ ಸಂಸಾರವನ್ನು ಅಷ್ಟಕ್ಕೇ ಬಿಡುವುದೇ ಎಂದು ಅವ್ವ ಕೇಳಿಯಾಳು, ಅವಳ ಎದೆ ಒಡೆದೀತು ಎಂದು ನಾವು ಮುಚ್ಚಿಟ್ಟಿದ್ದೆವು. ಮುಚ್ಚಿಡುವುದು ಕಷ್ಟವೇನೂ ಆಗಿರಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವ್ವ ಪಕ್ಕದಲ್ಲೇ ಕೂತಿರುವಾಗ ನಾವು ಅವಳ ತಲೆಯ ಮೇಲಿನಿಂದ ಮಾತಾಡುತ್ತಿದ್ದೆವು. ಅವಳಿಗೆ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ.

ತಂಗಿಗೆ ಇನ್ನು ಸಾಕಾಗಿತ್ತು. ಈ ಸಲ ಅವ್ವನಿಗೆ ತಾನೇ ಹೇಳುತ್ತೇನೆ, ಆಮೇಲೆ ಆಗಿದ್ದಾಗಲಿ ಎಂದಿದ್ದಳು. ಟ್ಯಾಬ್ ಇಲ್ಲದೆ ಹೇಗೆ ಹೇಳುವುದು? ನನ್ನ ಹಳೆಯ ಫೋನಿನಲ್ಲಿ ಆ ಆ್ಯಪ್ ನಡೆಯುತ್ತಿರಲಿಲ್ಲ. ಇಂಥ ಮಾತನ್ನು ಪಕ್ಕದ ಮನೆಗೆ ಕೇಳುವ ಹಾಗೆ ಕೂಗಲಿಕ್ಕಾಗದು. ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದು ಕೊಡಲಿಕ್ಕೂ ಆಗದು.

ಶುಕ್ರವಾರ ಆಫೀಸಿನಿಂದ ಬೇಗ ಹೊರಟು ಕೋಠಿಯ ಬಜಾರಿಗೆ ಬಸ್ ಹಿಡಿದೆ. ಹಳೆ ಪುಸ್ತಕದ ಅಂಗಡಿಗಳನ್ನು ದಾಟಿದ ಮೇಲೆ, ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು ಈಗ ಫೋನು, ಟ್ಯಾಬು ನೋಡುತ್ತಾರೆ. ಬಿಳಿ ಗಡ್ಡ, ಹಣೆಗೆ ಏರಿಸಿದ ಕನ್ನಡಕ. ಅವರು ಟ್ಯಾಬನ್ನು ಬಿಚ್ಚಲೇ ಇಲ್ಲ. ಅದರಲ್ಲೇ ನನ್ನ ದನಿಯನ್ನು ರೆಕಾರ್ಡ್ ಮಾಡಿ ನನಗೇ ಕೇಳಿಸಿದರು. ಸ್ಪಷ್ಟವಾಗಿತ್ತು. ಇದರ ಕಿವಿ ಚೆನ್ನಾಗಿದೆ, ಕೇಳಿದ್ದನ್ನು ತಿಳಿದುಕೊಳ್ಳುವ ಭಾಗ ಹಾಳಾಗಿದೆ ಎಂದು ದಖ್ಖನಿ ಉರ್ದುವಿನಲ್ಲಿ ವಿವರಿಸಿದರು. ಜಾಗ ಸಾಲದೆ ಅಪ್‌ಡೇಟ್ ಅರ್ಧಂಬರ್ಧ ಕೂತಿತ್ತು. ಕನ್ನಡದ ಭಾಗ ಅದರಲ್ಲಿ ಕಳೆದುಹೋಗಿತ್ತು.

"ಪೂರಾ ಖಾಲಿ ಕರ್ನಾ ಪಡ್ತಾ ಸಾಬ್" ಎಂದರು. ಎಲ್ಲವನ್ನೂ ಅಳಿಸಿ ಹೊಸದರ ಹಾಗೆ ಮಾಡಬೇಕು. ಅಳಿಸುವ ಗುಂಡಿಯವರೆಗೆ ಹೋಗಿ ಬೆರಳು ನಿಲ್ಲಿಸಿ, ಇದು ಯಾರದು ಎಂದು ಕೇಳಿದರು. ತಾಯಿಯದು ಎಂದೆ. ಹಾಗಾದರೆ ಇವತ್ತು ಬೇಡ, ಬೇಕಾದದ್ದನ್ನು ಬೇರೆ ಕಡೆ ಇಟ್ಟುಕೊಂಡು ನಾಳೆ ಬನ್ನಿ ಎಂದು ಟ್ಯಾಬನ್ನು ವಾಪಸ್ ಕೈಗಿಟ್ಟರು. ಆ ಮನುಷ್ಯ ಅವತ್ತು ಒತ್ತಿಬಿಟ್ಟಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಟ್ಯಾಬನ್ನೂ ಫೋನನ್ನೂ ಇಟ್ಟುಕೊಂಡು ಕೂತೆ. ಅವ್ವ ಎದುರಿನ ಮಣೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಉಳಿಸಿದ ಮಾತುಗಳ ಪಟ್ಟಿ ತೆರೆದೆ. ಯಾವುದನ್ನು ಕೊನೆಗೆ ಓದಿದ್ದೇವೋ ಅದು ಎಲ್ಲಕ್ಕಿಂತ ಮೇಲೆ ಬರುವ ಪಟ್ಟಿ ಅದು. ಮೇಲಿನದನ್ನು ಒತ್ತಿದೆ. ಅದು ಆರು ತಿಂಗಳ ಹಿಂದಿನದು. ಓದತೊಡಗಿದೆ.

"ಅವಳು ಆ ಮನೆಗೆ ವಾಪಸ್ ಹೋಗುವುದಿಲ್ಲ ಎನ್ನುತ್ತಾಳೆ." "ಅವ್ವನಿಗೆ ಹೇಳುವುದು ಬೇಡ." "ಎಷ್ಟು ದಿನ ಹೇಳದೆ ಇರುತ್ತೀರಿ?" "ಈ ವಯಸ್ಸಿನಲ್ಲಿ ಅವ್ವ ಇದನ್ನು ತಡೆದುಕೊಳ್ಳುವುದಿಲ್ಲ."

ನನ್ನ ಮಾತು, ನನ್ನ ಹೆಂಡತಿಯ ಮಾತು. ಅವ್ವ ಪೂಜೆಗೆ ಕೂತಿದ್ದಾಗ ಟ್ಯಾಬ್ ಇದೇ ಮೇಜಿನ ಮೇಲೆ ತೆರೆದೇ ಇದ್ದಿರಬೇಕು. ಮೊದಲಿನ ಹಾಗೆ ನಮ್ಮ ಮಾತಿನಲ್ಲೇ ಆಡಿದ್ದರೆ ಅದಕ್ಕೆ ಅರ್ಧವೂ ತಿಳಿಯುತ್ತಿರಲಿಲ್ಲ. ಅವ್ವನಿಗಾಗಿ ಬಿಡಿಸಿ ಮಾತಾಡುವ ರೂಢಿ ನಮ್ಮಿಬ್ಬರ ನಡುವಿನ ಮಾತಿಗೂ ಅಂಟಿಕೊಂಡಿತ್ತು. ಒಂದೂ ತಪ್ಪಿಲ್ಲದ ಹಾಗೆ ಅದು ಬರೆದಿಟ್ಟಿತ್ತು. ಅವ್ವ ಅದನ್ನು ಓದಿದ್ದಳು. ಈಚೆಗೆ ಮತ್ತೆ ಓದಿದ್ದಳು.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಓದಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಅವ್ವನ ಬೆರಳುಗಳನ್ನೇ ನೋಡಿದೆವು. ಅವು ಎಲೆ ಬಿಡಿಸುತ್ತಲೇ ಇದ್ದವು. ಆಮೇಲೆ ನಾನು ಎದ್ದು, ಕ್ಯಾಲೆಂಡರಿನ ಹಾಳೆಯ ಮೇಲೆ, ತಂಗಿಯ ವಿಷಯ ನಿನಗೆ ಗೊತ್ತಿತ್ತೇನು ಎಂದು ಬರೆದು ಅವ್ವನ ಮುಂದೆ ಹಿಡಿದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ಓದಿದಳು. ಸೊಪ್ಪನ್ನು ಪಕ್ಕಕ್ಕಿಟ್ಟಳು.

"ಗೊತ್ತೈತಿ" ಎಂದಳು. "ನೀವ ಹೇಳ್ತೀರಿ ಅಂತ ಕುಂತಿದ್ದೆ. ನೀವು ಹೇಳವಲ್ರಿ."

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಅವ್ವನೇ ಮುಂದುವರಿಸಿದಳು.

"ಅವರ ಮನಿಗೆ ನಾ ಎರಡು ಸಲ ಹೋಗಿದ್ನೆಲ್ಲ, ಕಿವಿ ಹೋದ ಮ್ಯಾಲ. ಬಾಯಿ ನೋಡಿ ನೋಡಿ ಮಾತು ತಿಳ್ಕೊಳ್ಳಾಕಿ ನಾನು. ಎಂಟು ದಿನ ಇದ್ದೆ. ಆಂವ ಆಕಿ ಮುಂದ ಒಮ್ಮೆನೂ ಬಾಯಿ ತೆರೀಲಿಲ್ಲ. ನನಗ ಅವತ್ತ ತಿಳೀತು. ಇಷ್ಟು ದಿನಾ ಹೆಂಗ ಇದ್ಲೋ ಅಂತ ನಾ ಅಂದ್ಕೊಂಡೀನಿ, ಯಾಕ ಬಿಟ್ಲು ಅಂತ ಅಲ್ಲ."

ನನ್ನ ಹೆಂಡತಿ ಅತ್ತಳು. ಅವ್ವ ಅಳಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, ಬಾ ಎಂದು ನನ್ನನ್ನು ಹಿಂದಿನ ಖೋಲಿಗೆ ಕರೆದೊಯ್ದಳು. ಅದು ನಾವು ಬೇಡದ ಸಾಮಾನು ತುಂಬುವ ಖೋಲಿ. ನಾನು ಅದರೊಳಗೆ ಹೋಗಿ ತಿಂಗಳುಗಳೇ ಆಗಿದ್ದವು. ಬಾಗಿಲು ತೆರೆದರೆ ಮಂಚದ ಮೇಲಿನ ರಾಶಿ ಇರಲಿಲ್ಲ. ಪೆಟ್ಟಿಗೆಗಳನ್ನು ಒಂದು ಗೋಡೆಗೆ ಸೇರಿಸಿದ್ದಳು. ಕಪಾಟಿನ ಎರಡು ಖಾನೆ ಖಾಲಿ ಮಾಡಿ ಪತ್ರಿಕೆ ಹಾಸಿದ್ದಳು. ಮಂಚದ ಮೇಲೆ ಹೊಸ ಕೌದಿ ಮಡಚಿಟ್ಟಿತ್ತು. ಹಳೆಯ ಸೀರೆಗಳನ್ನು ಕೂಡಿಸಿ ಅವಳು ಕೌದಿ ಹೊಲಿಯುತ್ತಿದ್ದಾಗ, ಹೊತ್ತು ಹೋಗಲಿಕ್ಕೆ ಏನೋ ಮಾಡುತ್ತಾಳೆ ಎಂದು ನಾವು ತಿಳಿದಿದ್ದೆವು.

"ಕಿಟಕಿ ಬೋಲ್ಟ್ ಒಂದು ಬಿಗಿ ಐತಿ, ನನ್ನ ಕೈಲೆ ಆಗವಲ್ದು. ಅದನ್ನ ಮಾಡಿಕೊಡು" ಎಂದಳು.

ನಾನು ಎಣ್ಣೆ ತಂದು ಬೋಲ್ಟ್ ಸಡಿಲಿಸಿದೆ. ಎಂಟು ತಿಂಗಳಿಂದ ಹೆಗಲ ಮೇಲೆ ಕೂತಿದ್ದ ಭಾರ ಇಳಿದಿತ್ತು. ನಾವು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದ ಅವ್ವ ನಮ್ಮೆಲ್ಲರಿಗಿಂತ ಮುಂದೆ ಹೋಗಿ ಕೂತಿದ್ದಳು. ನಾಚಿಕೆಯೂ ಆಯಿತು. ಆದರೆ ನಾಚಿಕೆಗಿಂತ ಸಮಾಧಾನವೇ ದೊಡ್ಡದಿತ್ತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಕೋಠಿಗೆ ಹೋಗುವ ಮೊದಲು, ಪಟ್ಟಿಯಲ್ಲಿ ಯಾವುದನ್ನು ಉಳಿಸಲಿ ಎಂದು ಅವ್ವನನ್ನು ಕೇಳಿದೆ. ಸೋದರತ್ತೆ ಹೇಳಿದ ಪುಂಡಿಪಲ್ಯದ ವಿಧಾನ ಬೇಕು ಎಂದಳು. ತರಕಾರಿಯವಳದು ಒಂದೆರಡು ಇರಲಿ ಎಂದಳು. ನಮ್ಮಿಬ್ಬರದಕ್ಕೆ ಬೆರಳಿಟ್ಟು, "ಇದು ಇನ್ಯಾಕ ಬೇಕು, ಅಳಿಸು" ಎಂದಳು.

ಹಿರಿಯರು ಟ್ಯಾಬನ್ನು ಪೂರ್ತಿ ಖಾಲಿ ಮಾಡಿದರು. ಅಪ್‌ಡೇಟನ್ನು ಮೊದಲಿನಿಂದ ಹಾಕಿದರು. ಜಾಗವಿದ್ದುದರಿಂದ ಈ ಸಲ ಅದು ತಕರಾರಿಲ್ಲದೆ ಕೂತಿತು. ಕನ್ನಡದ ಭಾಗ ಇಳಿಯುವವರೆಗೆ ನಾನು ಅವರ ಸ್ಟೂಲಿನ ಮೇಲೆ ಕೂತಿದ್ದೆ. ಮುಗಿದ ಮೇಲೆ, ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ ಎಂದರು. ಬಾಯಿಗೆ ಬಂದದ್ದನ್ನು ಹೇಳಿದೆ: ನಾಳೆ ಬೆಳಿಗ್ಗೆ ನನ್ನ ತಂಗಿ ಬರುತ್ತಾಳೆ. ಸಾಲು ಮೂಡಿತು. ಅವರಿಗೆ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ, ನನ್ನ ಮುಖ ನೋಡಿಯೇ ಸರಿಯಾಯಿತೆಂದು ತಿಳಿದುಕೊಂಡರು.

ಭಾನುವಾರ ತಂಗಿಯನ್ನು ಸ್ಟೇಷನ್ನಿನಿಂದ ಕರೆತಂದೆ. ಅವ್ವನಿಗೆ ಎಲ್ಲ ಗೊತ್ತಿದೆ ಎಂದು ಆಟೋದಲ್ಲೇ ಹೇಳಿಬಿಟ್ಟೆ. ಅವಳು ದಾರಿಯುದ್ದಕ್ಕೂ ಬ್ಯಾಗಿನ ಪಟ್ಟಿಯನ್ನು ಹಿಡಿದುಕೊಂಡು ಕೂತಿದ್ದಳು. ಸ್ನಾನ, ತಿಂಡಿ ಆಗುವವರೆಗೆ ಅವ್ವ ಏನೂ ಕೇಳಲಿಲ್ಲ. ಆಮೇಲೆ ಟ್ಯಾಬನ್ನು ತಂಗಿಯ ಮುಂದೆ ಇಟ್ಟು, ಹೇಳು ಎಂದಳು. ನಾವು ಎದ್ದು ಹೋಗಲು ನೋಡಿದರೆ, ನೀವೂ ಕೂಡ್ರಿ ಎಂದಳು.

ತಂಗಿ ಒಂದು ತಾಸು ಮಾತಾಡಿದಳು. ಅವ್ವ ಒಂದೊಂದು ಸಾಲನ್ನೂ ತುಟಿಯಾಡಿಸುತ್ತ ಓದಿದಳು. ಅಳು ಬಂದು ಮಾತು ನಿಂತಾಗ ಸಾಲೂ ನಿಲ್ಲುತ್ತಿತ್ತು. ಅವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವ್ವ ಕೇಳಿದ್ದು ಒಂದೇ: ಇಲ್ಲಿಯ ಶಾಲೆಯಲ್ಲಿ ಕೆಲಸ ಸಿಕ್ಕೀತೇ?

ಸಿಕ್ಕಿತು, ಆದರೆ ಅದು ಜೂನಿನಲ್ಲಿ. ಆ ಭಾನುವಾರ ಊಟವಾದ ಮೇಲೆ ತಾಯಿ ಮಗಳು ಹಿಂದಿನ ಖೋಲಿಯಲ್ಲಿ ಬಟ್ಟೆ ಜೋಡಿಸುತ್ತಿದ್ದರು. ನಾನು ಹಜಾರದಲ್ಲಿ ಚಾಪೆ ಹಾಸಿಕೊಂಡು ಒರಗಿದೆ. ಎರಡು ತಾಸು ಕಣ್ಣು ಬಿಡದೆ ಮಲಗಿದೆನಂತೆ. ಚಹಾಕ್ಕೆ ಎಬ್ಬಿಸಲು ಬಂದ ಹೆಂಡತಿ, ಇವರು ಹೀಗೆ ಮಲಗಿದ್ದನ್ನು ನೋಡಿ ಎಷ್ಟು ದಿನವಾಯಿತು ಎಂದು ಹಾಗೆಯೇ ಬಿಟ್ಟು ಹೋದಳಂತೆ.