ಜರ್ಮನ್ ಕಲಿಸಿದವರ ಹೃದಯ

ಮೆಟ್ಟಿಲು ಹತ್ತುವಾಗ ಅವರ ತುಟಿಯ ಬಣ್ಣ ಬದಲಾಗುತ್ತಿತ್ತು. ಮೇಲಿನ ಮಹಡಿ ತಲುಪುವಷ್ಟರಲ್ಲಿ ನೇರಳೆ ಹಣ್ಣು ತಿಂದವರ ಹಾಗೆ ನೀಲಿಗಟ್ಟಿರುತ್ತಿತ್ತು. ಡ್ಯೂಸೆಲ್ಡಾರ್ಫಿನಲ್ಲಿ ನಮ್ಮ ತರಗತಿ ನಡೆಯುತ್ತಿದ್ದ ಆ ಹಳೆಯ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಪ್ರತಿ ತಿರುವಿನಲ್ಲೂ ಅವರು ನಿಂತು, ಗೋಡೆಗೆ ಅಂಟಿಸಿದ ನೋಟಿಸನ್ನು ಬಹಳ ಗಮನವಿಟ್ಟು ಓದುತ್ತಿದ್ದರು. ದಿನಾ ಅದೇ ನೋಟಿಸು. ಉಸಿರು ಸುಧಾರಿಸಿಕೊಳ್ಳಲು ನಿಲ್ಲುತ್ತಾರೆಂದು ನನಗೆ ಗೊತ್ತಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದವಳು. ಆದರೆ ಕೇಳುವ ಧೈರ್ಯವೂ ಇರಲಿಲ್ಲ, ಕೇಳುವಷ್ಟು ಜರ್ಮನ್ನೂ ಬರುತ್ತಿರಲಿಲ್ಲ.

ಅವರು ನನ್ನ ಜರ್ಮನ್ ಟೀಚರ್. ಹುಟ್ಟಿದ್ದು ಬೊಲಿವಿಯಾದ ಒಂದು ಹಳ್ಳಿಯಲ್ಲಿ. ಹರೆಯದಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಳ್ಳಲು ಜರ್ಮನಿಗೆ ಬಂದು, ಇಲ್ಲಿಯೇ ಓದಿ, ನಮ್ಮಂಥ ಹೊಸಬರಿಗೆ ಈ ಭಾಷೆ ಕಲಿಸುವವರಾಗಿದ್ದರು. ಜರ್ಮನಿಯಲ್ಲಿ ಯಾರೂ ಯಾರನ್ನೂ ಟೀಚರ್ ಎಂದು ಕರೆಯುವುದಿಲ್ಲ. ನಾನು ಕರೆಯುತ್ತಿದ್ದೆ, ಅವರು ಬೇಡವೆನ್ನಲಿಲ್ಲ. ಸಣ್ಣ ಆಳು, ಗಟ್ಟಿ ದನಿ. ಚಳಿಗಾಲದಲ್ಲೂ ಬಂದವರೇ ಮೊದಲು ಕಿಟಕಿ ತೆರೆಯುತ್ತಿದ್ದರು. ನಾವು ಕೋಟು ಹೊದ್ದು ನಡುಗುತ್ತಾ ಕ್ರಿಯಾಪದ ಹೇಳುತ್ತಿದ್ದೆವು.

ಯಾರಾದರೂ ಒಂದೇ ಪದದಲ್ಲಿ ಉತ್ತರ ಕೊಟ್ಟರೆ ಕೇಳಿಸಲೇ ಇಲ್ಲವೆಂಬಂತೆ ನಿಂತಿರುತ್ತಿದ್ದರು. “ಅರ್ಧ ವಾಕ್ಯ ಆಡಿದರೆ ಈ ಊರಿನವರು ನಿಮ್ಮನ್ನು ಅರ್ಧ ಮನುಷ್ಯರ ಹಾಗೆ ನೋಡ್ತಾರೆ. ತಪ್ಪಾದರೂ ಆಗಲಿ, ಪೂರ್ತಿ ಮಾಡಿ.” ಆ ಹಟದಿಂದಲೇ ನಾನು ಪರೀಕ್ಷೆ ಪಾಸಾದೆ, ನನ್ನ ಡಿಗ್ರಿಗೆ ಇಲ್ಲಿ ಮಾನ್ಯತೆ ಸಿಕ್ಕಿತು, ಹೃದ್ರೋಗಿಗಳಿಗೆ ವ್ಯಾಯಾಮ ಕೊಡಿಸುವ ಕೇಂದ್ರವೊಂದರಲ್ಲಿ ಕೆಲಸವೂ ಆಯಿತು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅದೇ ಕೇಂದ್ರಕ್ಕೆ ಅವರೇ ಬಂದು ಕೂತಿದ್ದರು. ತರಗತಿಯಲ್ಲಿ ಪಾಠ ಮಾಡುತ್ತಲೇ ಕುಸಿದು ಬಿದ್ದಿದ್ದರಂತೆ. ಎಡಗಡೆ, ಕೊರಳ ಮೂಳೆಯ ಕೆಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು. ಹೃದಯ ಹುಚ್ಚೆದ್ದು ಓಡತೊಡಗಿದರೆ ಒಳಗಿನಿಂದಲೇ ಶಾಕ್ ಕೊಟ್ಟು ನಿಲ್ಲಿಸುವ ಯಂತ್ರ ಅದು. ನನ್ನನ್ನು ನೋಡಿ ಅವರ ಮುಖ ಸಪ್ಪಗಾಯಿತು. ಶಿಷ್ಯೆಯ ಮುಂದೆ ರೋಗಿಯಾಗಿ ಕೂರುವುದು ಅವರಿಗೆ ಬೇಕಿರಲಿಲ್ಲ.

ಕಾಯಿಲೆಯ ಹೆಸರು ಶಾಗಸ್. ಅವರ ಹಳ್ಳಿಯ ಕಡೆ ಮಣ್ಣಿನ ಗೋಡೆಯ ಬಿರುಕುಗಳಲ್ಲಿ ದೊಡ್ಡ ತಿಗಣೆಯಂಥ ಹುಳು ಇರುತ್ತದೆ. ಮಲಗಿದವರ ರಕ್ತ ಹೀರಿ, ಅಲ್ಲೇ ಹಿಕ್ಕೆ ಹಾಕುತ್ತದೆ. ಕಡಿದಲ್ಲಿ ತುರಿಸಿಕೊಂಡಾಗ ಆ ಹಿಕ್ಕೆಯಲ್ಲಿರುವ ಪರೋಪಜೀವಿ ಮೈಯೊಳಗೆ ಸೇರುತ್ತದೆ. ಎಷ್ಟೋ ವರ್ಷ ಸುಮ್ಮನಿದ್ದು, ಕೆಲವರಲ್ಲಿ ಹೃದಯವನ್ನೇ ತಿಂದು ಸಡಿಲ ಮಾಡಿಬಿಡುತ್ತದೆ. ನಮ್ಮ ಕೇಂದ್ರದಲ್ಲಿ ಯಾರೂ ಇಂಥ ರೋಗಿಯನ್ನು ನೋಡಿರಲಿಲ್ಲ. ಮುಟ್ಟಿದರೆ ಹರಡುವ ರೋಗವಲ್ಲವೆಂದು ಗೊತ್ತಿದ್ದೂ ಸಹೋದ್ಯೋಗಿಯೊಬ್ಬರು ಅವರು ಇಳಿದ ಸೈಕಲ್ಲನ್ನು ಮತ್ತೆ ಮತ್ತೆ ಒರೆಸಿದರು. ಟೀಚರ್ ಅದನ್ನು ನೋಡಿದರು.

ಕೂತಲ್ಲೇ ತುಳಿಯುವ ಆ ಸೈಕಲ್ಲಿನ ಮೇಲೆ, ಎದೆಗೆ ಇಸಿಜಿ ತಂತಿ ಅಂಟಿಸಿ, ಅವರನ್ನು ನಿಧಾನವಾಗಿ ತುಳಿಸುವುದು ನನ್ನ ಕೆಲಸ. ಕಡಿಮೆ ತುಳಿದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಅಪಾಯ. ಸರಿಯಾದ ಹದ ತಿಳಿಯಲು ನಾವು ರೋಗಿಗಳನ್ನು ಮಾತಾಡಿಸುತ್ತೇವೆ. ತುಳಿಯುತ್ತಲೇ ಒಂದು ವಾಕ್ಯವನ್ನು ಮುಗಿಸಲು ಆಗಬೇಕು. ಅದನ್ನು ವಿವರಿಸಿದಾಗ ಟೀಚರ್ ಮೊದಲ ಸಲ ನಕ್ಕರು. “ಹಾಗಾದರೆ ಈಗ ನೀನು ನನಗೆ ಪರೀಕ್ಷೆ ಮಾಡ್ತೀಯ.”

ಅವರು ಮಾತಾಡುತ್ತಿದ್ದರು, ನನ್ನ ಕಣ್ಣು ಪರದೆಯ ಮೇಲಿರುತ್ತಿತ್ತು. ಮಗಳ ಬಗ್ಗೆ ಬಹಳ ಹೇಳುತ್ತಿದ್ದರು. ಇಲ್ಲೇ ಹುಟ್ಟಿದವಳು, ದೂರದ ಗಾರ್ಕಿಂಗ್ ಎಂಬ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಈ ಕಾಯಿಲೆ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಬರಬಹುದೆಂದು ನಾನು ಅಷ್ಟರಲ್ಲಿ ಓದಿ ತಿಳಿದಿದ್ದೆ. “ಮಗಳ ರಕ್ತ ಪರೀಕ್ಷೆ ಆಗಿದೆಯಾ ಟೀಚರ್?” ಎಂದು ಒಮ್ಮೆ ಕೇಳಿದೆ. “ಅವಳಿಗೆ ನನ್ನ ಹೃದಯ ಸ್ವಲ್ಪ ವೀಕು ಅಂತ ಅಷ್ಟೇ ಗೊತ್ತು. ಆ ವಿಷಯ ಬೇಡ,” ಎಂದರು. ಅಂದು ಉಳಿದ ಹೊತ್ತೆಲ್ಲ ಪರದೆಯನ್ನೇ ನೋಡುತ್ತಾ ತುಳಿದರು.

ಕೆಲವು ವಾರಗಳ ನಂತರ, ಎಲ್ಲ ಸರಿಯಿದ್ದ ಒಂದು ದಿನ, ಪರದೆಯ ಗೆರೆ ಇದ್ದಕ್ಕಿದ್ದಂತೆ ದಪ್ಪ ದಪ್ಪ ಅಲೆಗಳಾಗಿ ಎದ್ದಿತು. “ನಿಲ್ಲಿಸಿ,” ಎಂದು ಅವರ ಹೆಗಲು ಹಿಡಿದೆ. ಅವರು ನನ್ನ ಕಡೆ ತಿರುಗಿದರು, ಕಣ್ಣು ತೇಲಿತು, ಅಷ್ಟರಲ್ಲಿ ಇಡೀ ಮೈ ಒಮ್ಮೆ ಜಿಗಿಯಿತು. ಯಂತ್ರ ಶಾಕ್ ಕೊಟ್ಟಿತ್ತು. ಡಾಕ್ಟರು ಓಡಿ ಬಂದರು. ಗೆರೆ ಸರಿಹೋಗಿತ್ತು. ಟೀಚರ್ ನನ್ನ ತೋಳಿನ ಮೇಲೆ ಒರಗಿ, “ಎದೆಗೆ ಕುದುರೆ ಒದ್ದ ಹಾಗಾಯ್ತು,” ಎಂದರು. ಆಗಲೂ ಪೂರ್ತಿ ವಾಕ್ಯ.

ಆಸ್ಪತ್ರೆಯಲ್ಲಿ ಔಷಧಿ ಬದಲಿಸಿ, ವ್ಯಾಯಾಮ ಮುಂದುವರಿಸಬಹುದು ಎಂದರು. ಟೀಚರ್ ಬರಲಿಲ್ಲ. ನಡೆದದ್ದನ್ನೆಲ್ಲ ಮನೆಯಲ್ಲಿ ಹೇಳಿದೆ. ನನ್ನ ಗಂಡ, “ನಿಂದೇನೂ ತಪ್ಪಿಲ್ಲ ಬಿಡ. ಆದ್ರ ಮತ್ತ ಅವರನ್ನ ಸೈಕಲ್ ಮ್ಯಾಲ ಕೂಡಸೋ ಧೈರ್ಯ ಐತೇನು ನಿನಗ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಫೋನ್ ಎತ್ತದಿದ್ದಾಗ ಅವರ ಮನೆಗೇ ಹೋದೆ. ಅಲ್ಲಿಯೂ ಲಿಫ್ಟಿಲ್ಲದ ಮೂರನೇ ಮಹಡಿ. ಆಸ್ಪತ್ರೆಯಿಂದ ಬಂದ ಮೇಲೆ ಕೆಳಗೆ ಇಳಿದೇ ಇರಲಿಲ್ಲ. ಪಕ್ಕದ ಮನೆಯವರು ಸಾಮಾನು ತಂದುಕೊಡುತ್ತಿದ್ದರು. ತಲೆ ಬಾಚುವಾಗಲೂ ಎಲ್ಲಿ ಯಂತ್ರ ಒದೆಯುತ್ತದೋ ಎಂದು ಕೈ ಎತ್ತಲು ಹೆದರುತ್ತಿದ್ದರು.

“ಹೀಗೆ ಕೂತರೆ ಉಳಿದ ಶಕ್ತಿಯೂ ಹೋಗುತ್ತೆ ಟೀಚರ್.”

“ನಿನಗೆ ಭಯ ಆಗಲಿಲ್ವಾ?”

“ಈಗಲೂ ಆಗ್ತಿದೆ.”

ಅವರು ಎದ್ದು ಚಪ್ಪಲಿ ಮೆಟ್ಟಿದರು. ನಾನು ಧೈರ್ಯ ಹೇಳಿದ್ದರೆ ಏಳುತ್ತಿರಲಿಲ್ಲವೇನೋ. ಅವತ್ತು ಒಂದು ಮಹಡಿ ಮಾತ್ರ ಇಳಿದು, ಹತ್ತಿದೆವು. ಮುಂದಿನ ವಾರ ಕೇಂದ್ರಕ್ಕೆ ಬಂದರು.

ಆಮೇಲೆ ಅವರು ಸುಧಾರಿಸಿದ್ದು ನನಗೇ ಅಚ್ಚರಿ. ಕಾಯಿಲೆಯಿಂದ ಹಿಗ್ಗಿದ ಹೃದಯ ಹಾಗೇ ಇತ್ತು. ಆದರೆ ಕಾಲಿಗೆ ಬಲ ಬಂತು, ಉಸಿರು ಉದ್ದವಾಯಿತು, ತಮ್ಮ ಮನೆಯ ಮೆಟ್ಟಿಲನ್ನು ನಿಲ್ಲದೆ ಹತ್ತತೊಡಗಿದರು. ಆ ಸುಧಾರಣೆಯೇ ಮುಂದಿನ ಸಂಕಟ ತಂದಿತು.

ಅಮ್ಮನನ್ನು ನೋಡಲು ಮಗಳು ಬಂದಿದ್ದಳು. ಕೇಂದ್ರದ ಕಾರಿಡಾರಿನಲ್ಲಿ ನನ್ನ ಕೈ ಕುಲುಕಿ, “ಅಮ್ಮ ಹೀಗೆ ನಡೆಯೋದು ನೋಡಿ ಎಷ್ಟು ದಿನ ಆಗಿತ್ತು. ನಾವೀಗ ಮಗು ಮಾಡಿಕೊಳ್ಳೋಣ ಅಂತಿದ್ದೀವಿ, ಅಮ್ಮ ಬಂದು ಇರಬಹುದು,” ಎಂದಳು. ಮತ್ತೆ ದನಿ ತಗ್ಗಿಸಿ, “ಒಂದು ಕೇಳ್ಲಾ? ಅಮ್ಮನ ಈ ಕಾಯಿಲೆ ನನಗೂ ಬರುವಂಥದ್ದಾ?”

ರೋಗಿಯ ವಿಷಯ ಮಗಳಿಗೂ ಹೇಳುವಂತಿಲ್ಲ, ಇಲ್ಲಿಯ ಕಾನೂನು ಕಟ್ಟುನಿಟ್ಟು. ಇಲ್ಲವೆಂದು ಸುಳ್ಳು ಹೇಳಲೂ ಆಗದು. ನಾನು ಟೀಚರ್ ಇದ್ದ ಕೋಣೆಯ ಕಡೆ ತಿರುಗಿದೆ. ಟೀಚರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲಿಗೆ ಬಂದಿದ್ದರು. ಕೇಳಿಸಿತ್ತು. ಅವರ ಬೆರಳು ಗುಂಡಿಯ ಮೇಲೇ ನಿಂತಿತು.

“ಟೀಚರ್, ನಿಮ್ಮ ಮಗಳು ಒಂದು ಪ್ರಶ್ನೆ ಕೇಳಿದ್ದಾರೆ,” ಎಂದೆ. “ಅದಕ್ಕೆ ನೀವೇ ಉತ್ತರ ಹೇಳಬೇಕು.”

“ನಾನು ಹುಟ್ಟಿದ ಮನೆಯ ಗೋಡೆಯಲ್ಲಿ...” ಎಂದು ಶುರುಮಾಡಿ ನಿಂತರು. ಎದೆಯ ಉಬ್ಬಿನ ಮೇಲೆ ಕೈ ಹೋಯಿತು. ಯಂತ್ರ ಒದೆಯಬಹುದೆಂದು ನನಗೂ ಅನ್ನಿಸಿತು. ಆದರೂ ಹೇಳಿದೆ, “ಪೂರ್ತಿ ಮಾಡಿ.”

ಪೂರ್ತಿ ಮಾಡಿದರು. ಗೋಡೆ, ಹುಳು, ರಕ್ತ, ಹೊಟ್ಟೆಯೊಳಗಿನ ಮಗು, ಎಲ್ಲವನ್ನೂ ಒಂದೊಂದೇ ವಾಕ್ಯವಾಗಿ, ತಪ್ಪಿಲ್ಲದ ಜರ್ಮನ್ನಿನಲ್ಲಿ. ಮಗಳು ಕೇಳಿದ್ದು ಒಂದೇ: “ನಿನಗೆ ಯಾವಾಗ ಗೊತ್ತಾಯ್ತು?” ಕುಸಿದು ಬಿದ್ದ ವರ್ಷವೇ ಎಂದರು. ಮಗಳು ಬ್ಯಾಗು ತೆಗೆದುಕೊಂಡು ಒಬ್ಬಳೇ ಹೊರಟುಹೋದಳು. ನಾನು ಟೀಚರ್ ಜೊತೆ ಟ್ರಾಮಿನಲ್ಲಿ ಮನೆವರೆಗೂ ಹೋದೆ.

ಮಗಳ ರಕ್ತದಲ್ಲಿ ಸೋಂಕು ಇತ್ತು. ಹೃದಯಕ್ಕೆ ಇನ್ನೂ ಏನೂ ಆಗಿರಲಿಲ್ಲ. ಈ ಸೋಂಕಿನ ಔಷಧಿಯನ್ನು ಬಸಿರಿನಲ್ಲಿ ಕೊಡುವಂತಿಲ್ಲ, ಮೊದಲೇ ತೆಗೆದುಕೊಂಡರೆ ಮಗುವಿಗೆ ದಾಟುವ ಅಪಾಯ ಬಹಳ ತಗ್ಗುತ್ತದೆ. ಅವಳು ತೆಗೆದುಕೊಂಡಳು. ಮೈಯೆಲ್ಲ ದದ್ದು ಎದ್ದರೂ ಬಿಡಲಿಲ್ಲ. ದದ್ದು ಎದ್ದ ದಿನವೇ ಅಮ್ಮನಿಗೆ ಫೋನ್ ಮಾಡಿದ್ದು. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಆ ತಿಂಗಳುಗಳಲ್ಲಿ ಟೀಚರ್ ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ. ಮಾತು ಮಾತ್ರ ಕಡಿಮೆಯಾಗಿತ್ತು.

ಮೊಮ್ಮಗಳು ಹುಟ್ಟಿದಳು. ಮತ್ತೆ ಮತ್ತೆ ಪರೀಕ್ಷಿಸಿ ನೋಡಿ, ಕೊನೆಗೆ ಅವಳಲ್ಲಿ ಸೋಂಕಿಲ್ಲ ಎಂದರು. ಅವತ್ತು ಟೀಚರ್ ಕೇಂದ್ರಕ್ಕೆ ಕೇಕು ತಂದರು. ಸೈಕಲ್ ಒರೆಸಿದ ಸಹೋದ್ಯೋಗಿಗೇ ಮೊದಲ ತುಂಡು.

ಮರುವರ್ಷದ ಚಳಿಗಾಲದಲ್ಲಿ ಅವರ ಹೃದಯ ಸೋತಿತು. ವ್ಯಾಯಾಮದಿಂದ ಅದು ಗುಣವಾಗುತ್ತದೆಂದು ನಾನೂ ಹೇಳಿರಲಿಲ್ಲ, ಅವರೂ ನಂಬಿರಲಿಲ್ಲ. ಆಸ್ಪತ್ರೆಯಲ್ಲಿ ಮಗಳು ಪಕ್ಕದಲ್ಲಿದ್ದಳು. ಸುದ್ದಿ ತಿಳಿಸಿದವಳೂ ಅವಳೇ. “ಅಮ್ಮ ಹೋದಳು. ನೋವಿರಲಿಲ್ಲ,” ಎಂದು ಹೇಳಿ, ನಾನು ಅತ್ತು ಮುಗಿಸುವವರೆಗೂ ಫೋನ್ ಇಡದೆ ಇದ್ದಳು.

ಈಗ ಟೀಚರ್ ಹುಟ್ಟಿದ ಕಡೆಯ ದೇಶಗಳಿಂದ ಈ ಕಾಯಿಲೆಯವರು ಆಗೊಮ್ಮೆ ಈಗೊಮ್ಮೆ ನಮ್ಮಲ್ಲಿ ಬರುತ್ತಾರೆ. ಹೆಂಗಸರಾದರೆ, ತಂತಿ ಅಂಟಿಸುವ ಮೊದಲು, ಮಕ್ಕಳಿದ್ದಾರೆಯೇ, ಅವರ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕದಲ್ಲಿ ಕೂರುತ್ತೇನೆ.