ವಾಪಸ್ ಬರದ ಮೇಲ್

ವೇಮಗಲ್ ಕಾರ್ಖಾನೆಯ ಮೇಲ್ ಸರ್ವರ್ ನೋಡಿಕೊಳ್ಳುವ ಚಂದ್ರಮೋಹನ್ ಬೆಳಗಾದರೆ ಸರ್ವರ್ ಪರೀಕ್ಷಿಸಲು ಇಲ್ಲದವರಿಗೆಲ್ಲ ಮೇಲ್ ಕಳಿಸುತ್ತಾನೆ. ತಲುಪದ ಮೇಲ್ 'ಅಂಥವರಿಲ್ಲ' ಎಂದು ವಾಪಸ್ ಬರಬೇಕು, ಈಗೀಗ ಬರುತ್ತಿಲ್ಲ. ಬರುವವರೆಗೆ ಟೀ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದಾನೆ. ಟೀ ತರುವ ಸುನಂದಳಿಗೆ, "ವಾಸನೆ ತೋರಿಸಿ ತಗೊಂಡ್ಹೋಗಕ್ಕಾ" ಎನ್ನುತ್ತಾನೆ. ದೇವರಾಯಸಮುದ್ರದ ಕೆರೆಗೆ ಬರೆದ, ಹುಣಸೆಮರಕ್ಕೆ ಬರೆದ, ಸತ್ತ ಎಮ್ಮೆಗೂ ಬರೆದ. ಒಂದೂ ಹಿಂದಿರುಗಲಿಲ್ಲ. "ಎಮ್ಮೆ ಓದ್ಕೊಂಡು ಕೂತೈತೇನ್ಲಾ?" ಎಂದು ಸರ್ವರ್ ಡಬ್ಬವನ್ನೇ ಗದರುತ್ತಾನೆ. ಇವತ್ತು, ಹೋದ ವರ್ಷ ತೀರಿಕೊಂಡ ಸುನಂದಳ ಗಂಡ ವೆಂಕಟ್‌ನ ಮುಚ್ಚಿಹೋದ ಆಫೀಸ್ ಮೇಲ್ ವಿಳಾಸಕ್ಕೆ 'ಊಟ ಆಯ್ತಾ ಅಣ್ಣಾ' ಎಂದು ಅವಳೆದುರೇ ಕಳಿಸಿದ. ಮಧ್ಯಾಹ್ನವಾದರೂ ಅದು ವಾಪಸ್ ಬರಲಿಲ್ಲ. "ನಾಳೆ ರಿಪೇರಿ ಮಾಡ್ತೀನಕ್ಕಾ, ವಾಪಸ್ ಬಂದೇ ಬರ್ತೈತೆ" ಎಂದ. ಸುನಂದ ಟೀ ಲೋಟವನ್ನು ಅವನ ಕೈಗಿಟ್ಟಳು. "ಕುಡಿಯಪ್ಪಾ. ರಿಪೇರಿ ಬೇಡ. ತಲುಪಿರ್ಬೋದು."