ಹೂಬಿಟ್ಟ ಕುದುರೆಮೆಂತೆ

ಹಾಲಿನ ಸಂಘದ ಆಡಳಿತ ಮಂಡಳಿಯಲ್ಲಿ ಒಂದು ಮಳೆಗಾಲ ಕುರ್ಚಿ ಬೆಚ್ಚಗೆ ಮಾಡಿದ್ದಕ್ಕೆ ಅವರಿಗೆ ‘ಡೈರೆಕ್ಟರು’ ಎಂಬ ಹೆಸರು ಅಂಟಿಕೊಂಡಿತ್ತು. ಕುರ್ಚಿ ಹೋದರೂ ಹೆಸರು ಹೋಗಲಿಲ್ಲ. ಹೋಗಲು ಅವರೂ ಬಿಡಲಿಲ್ಲ.

ಮನೆಯ ಹಿಂದಿನ ತುಂಡು ನೆಲದಲ್ಲಿ ಬದನೆ ಹಾಕಬೇಕೆಂದು ಹೆಂಡತಿಯ ಆಸೆ. ಡೈರೆಕ್ಟರು ಹಸುವಿನ ಮೇವಿಗೆಂದು ಕುದುರೆಮೆಂತೆ ಬಿತ್ತಿದರು. ಒಮ್ಮೆ ಬೇರೂರಿದರೆ ಕೊಯ್ದಷ್ಟೂ ಚಿಗುರುತ್ತದೆ, ವರ್ಷಗಟ್ಟಲೆ ಮೇವಿನ ಚಿಂತೆಯಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಭಾಷಣ. ಕಳೆಯನ್ನು ಮಾತ್ರ ಕುಕ್ಕರಗಾಲಿನಲ್ಲಿ ಕೂತು ಸ್ವತಃ ಕಿತ್ತರು, ಅದನ್ನು ಅಲ್ಲಗಳೆಯುವಂತಿಲ್ಲ. ಬೆಳೆಯೂ ಮೊಣಕಾಲೆತ್ತರ ಬಂತು.

ಅಲ್ಲೊಂದು ಇಲ್ಲೊಂದು ಹೂ ಕಂಡೊಡನೆ ಕೊಯ್ಯಬೇಕು, ತಡವಾದರೆ ದಂಟು ಬಲಿತು ಕಡ್ಡಿಯಾಗುತ್ತದೆ. ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಟ್ಟವರೇ ಡೈರೆಕ್ಟರು. ಆದರೆ ನೇರಳೆ ಹೂ ಬಂದಿದ್ದೇ ತಡ, ದಾರಿಹೋಕರು ಬೇಲಿಯ ಬಳಿ ನಿಂತು ನೋಡತೊಡಗಿದರು. ಸೈಕಲ್ ರಿಪೇರಿಯವನಂತೂ ಅತ್ತಿಗೆಯನ್ನು ಕರೆತಂದು ತೋರಿಸಿದ. ಡೈರೆಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಲಿಯೊಳಗೆ ಓಡಾಡತೊಡಗಿದರು. ಹೆಂಡತಿ ಕೊಯ್ಲಿನ ಮಾತೆತ್ತಿದರೆ, ಇನ್ನೆರಡು ದಿನ ಎನ್ನುವರು.

ಕೊನೆಗೆ ಇಡೀ ಪಾತಿ ನೇರಳೆಯಾದ ಮೇಲೆ ಕೊಯ್ದು ಗೋದಲಿಗೆ ಸುರಿದರು. ಹಸು ಎಲೆಯನ್ನಷ್ಟೇ ನಾಜೂಕಾಗಿ ಬಿಡಿಸಿ ತಿಂದು, ಗಟ್ಟಿ ಕಡ್ಡಿಗಳನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ, ಡೈರೆಕ್ಟರ ಮುಖವನ್ನೇ ನೋಡಿತು.

“ಪೊರಕೆ ಚೆನ್ನಾಗಿ ಬೆಳೆಸಿದ್ದೀರಿ,” ಎಂದಳು ಹೆಂಡತಿ. ಅಂದೇ ಸಂಜೆ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಬದನೆ ಬೀಜ ಚೆಲ್ಲಿದಳು. “ಈ ಸಸಿ ನಾಟಿಗೆ ಬರೋಷ್ಟರಲ್ಲಿ ನಿಮ್ಮ ಇನ್ನೊಂದು ಕೊಯ್ಲು ಬರತ್ತಲ್ಲ? ಅದನ್ನೂ ಹಸು ಬಿಟ್ರೆ ನೆಲ ನಂದು.”

ಅಲ್ಲಿಂದ ಡೈರೆಕ್ಟರು ಎದ್ದವರೇ ಮೊದಲು ಪಾತಿಯನ್ನು, ಆಮೇಲೆ ಬಕೆಟ್ಟನ್ನು ನೋಡುವರು. ಎರಡೂ ಪೈಪೋಟಿಗೆ ಬಿದ್ದಂತೆ ಬೆಳೆದವು. ಸಸಿಗೆ ನೀರು ಹಾಕಲು ಮರೆತುಬಿಡೋಣವೇ ಎಂಬ ಯೋಚನೆಯೂ ಬಂತು. ಆದರೆ ನೀರು ಹಾಕುತ್ತಿದ್ದವಳು ಹೆಂಡತಿ.

ಒಂದು ಮುಂಜಾನೆ ಮೊದಲ ಹೂಗಳು ಇಣುಕಿದವು. ಸೈಕಲ್ ರಿಪೇರಿಯವನು ಬೇಲಿಯಾಚೆ ನಿಂತು, “ಡೈರೆಕ್ಟ್ರೇ, ಭಾನುವಾರದವರೆಗೆ ಬಿಡಿ, ನಮ್ಮ ಮಾವ ನೋಡಕ್ಕೆ ಬರ್ತಾರೆ,” ಎಂದ. ಡೈರೆಕ್ಟರು ಅವನತ್ತ ತಿರುಗಿಯೂ ನೋಡದೆ ಇಬ್ಬನಿ ಆರುವವರೆಗೆ ಕಾದು, ಕುಡುಗೋಲು ಹಾಕಿದರು. ಸೊಪ್ಪು ತುಸು ಬಾಡಿದ ಮೇಲೆ ಗೋದಲಿಗೆ ಸುರಿದು, ಪಕ್ಕದಲ್ಲೇ ನಿಂತರು.

ಹಸು ತಗ್ಗಿಸಿದ ತಲೆ ಎತ್ತಲೇ ಇಲ್ಲ. ಹೆಂಡತಿ ಬಂದು ಖಾಲಿ ಗೋದಲಿಯಲ್ಲಿ ಕೈಯಾಡಿಸಿದಳು. ಒಂದು ಕಡ್ಡಿಯೂ ಸಿಗಲಿಲ್ಲ. ಬಕೆಟ್ ಎತ್ತಿಕೊಂಡು ಪಾತಿಯನ್ನು ಬಳಸಿ ಬದುವಿನ ಮೇಲೆ ನಡೆದಳು.

“ನಂಗೆ ಈ ಬದು ಸಾಕು. ನಿಂತೇ ಇರ್ತೀರಾ? ಗುಳಿ ತೋಡಿ.”

ಡೈರೆಕ್ಟರು ತೋಡಿದರು, ಬೇಕಾದ್ದಕ್ಕಿಂತ ತುಸು ಆಳವಾಗಿಯೇ.